ನಿಷ್ಪಕ್ಷಪಾತ: ತಟ್ಟೆ ಬದಲಿಸಿದರೂ ಬದಲಾಗದ ತೂಕ

ರಾಮನಗರದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆ ಬೆಳಗಾಗುತ್ತಲೇ ತುಂಬಿಕೊಳ್ಳುತ್ತದೆ. ಮಾಗಡಿ, ಕನಕಪುರ, ಚನ್ನಪಟ್ಟಣದ ಹಳ್ಳಿಗಳಿಂದಷ್ಟೇ ಅಲ್ಲ, ದೂರದ ಜಿಲ್ಲೆಗಳಿಂದಲೂ ರೈತರು ಗೂಡಿನ ಚೀಲಗಳೊಂದಿಗೆ ಬಂದಿಳಿಯುತ್ತಾರೆ. ಗೂಡು ರಾಶಿಯಾಗಿ ಹರಡುತ್ತದೆ, ಪ್ರತಿ ರಾಶಿಗೂ ಒಂದು ಸಂಖ್ಯೆ ಬೀಳುತ್ತದೆ. ರೀಲರ್‌ಗಳು ಒಂದು ಹಿಡಿ ಗೂಡು ಎತ್ತಿಕೊಂಡು ಒತ್ತಿ ನೋಡುತ್ತಾರೆ, ಕಿವಿಯ ಬಳಿ ಅಲುಗಾಡಿಸುತ್ತಾರೆ, ಮನಸ್ಸಿನಲ್ಲೇ ಬೆಲೆ ಕಟ್ಟುತ್ತಾರೆ.

ಆ ರಾಶಿಯ ಹಿಂದೆ ಸುಮಾರು ಒಂದು ತಿಂಗಳ ದುಡಿಮೆ ಇರುತ್ತದೆ. ಹುಳು ನಾಲ್ಕು ಜ್ವರ ದಾಟಿ ಹಣ್ಣಾಗಿ ಚಂದ್ರಿಕೆ ಹತ್ತುವವರೆಗೆ ಮನೆಮಂದಿಗೆಲ್ಲ ನಿದ್ದೆ ಕಡಿಮೆ. ಹೀಗೆ ಬಂದ ಮಾಲನ್ನು, ಬೆಲೆ ಸರಿಯಿಲ್ಲವೆಂದು ವಾರಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ದಿನ ಕಳೆದಂತೆ ಗೂಡಿನ ತೂಕ ಇಳಿಯುತ್ತದೆ. ಒಳಗಿನ ಹುಳು ಪತಂಗವಾಗಿ ಗೂಡು ತೂತು ಮಾಡಿ ಹೊರಬಂದರೆ ಎಳೆ ತುಂಡಾಗಿ ನೂಲು ಬಿಚ್ಚಲು ಬರುವುದಿಲ್ಲ. ಆದ್ದರಿಂದ ಅಂದಿನ ಬೆಲೆ, ಅಂದಿನ ತೂಕ ಎರಡೂ ರೈತನ ಪಾಲಿಗೆ ತೀರ್ಪೇ ಸರಿ. ಬೆಲೆ ಕಟ್ಟುವವನು ತನ್ನ ಮುಖ ನೋಡದೆ ಗೂಡು ನೋಡಲಿ, ತೂಗುವವನು ಇದು ಯಾರ ಗೂಡು ಎಂದು ಕೇಳದಿರಲಿ ಎಂಬುದಷ್ಟೇ ಅವನ ಬೇಡಿಕೆ. ಈ ಬೇಡಿಕೆಗೆ ಕನ್ನಡದಲ್ಲಿ ಇರುವ ಹೆಸರು ‘ನಿಷ್ಪಕ್ಷಪಾತ’.

ಭಾಷಣ, ಸಂಪಾದಕೀಯ, ಮನವಿ ಪತ್ರಗಳಲ್ಲಿ ದಿನನಿತ್ಯ ಕಾಣುವ ಪದ ಇದು. ‘ನಿಷ್ಪಕ್ಷಪಾತ ತನಿಖೆಯಾಗಲಿ’ ಎನ್ನದ ಪ್ರತಿಭಟನೆಯಿಲ್ಲ. ಆದರೆ ಬಳಸಿ ಬಳಸಿ ಸವೆದ ನಾಣ್ಯದಂತೆ ಅದರ ಮೇಲಿನ ಅಚ್ಚು ಮಾಸಿಹೋಗಿದೆ. ಆ ಅಚ್ಚನ್ನು ಸ್ವಲ್ಪ ಉಜ್ಜಿ ನೋಡುವುದು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಪ್ರಯೋಜನಕಾರಿ.

ಪಕ್ಷವೆಂದರೆ ರೆಕ್ಕೆ

ಪದವನ್ನು ಬಿಡಿಸಿದರೆ ಸಿಗುವುದು ಮೂರು ತುಂಡು: ನಿಃ, ಪಕ್ಷ, ಪಾತ. ‘ನಿಃ’ ಎಂದರೆ ಇಲ್ಲದ. ‘ಪಾತ’ ಎಂದರೆ ಬೀಳುವುದು. ಜಲಪಾತ, ಹಿಮಪಾತಗಳಲ್ಲಿ ಇರುವುದೂ ಇದೇ. ‘ಪಕ್ಷ’ದ ಮೊದಲ ಅರ್ಥ ರೆಕ್ಕೆ. ರೆಕ್ಕೆಯುಳ್ಳದ್ದು ಪಕ್ಷಿ. ಶಾಲೆಯ ವ್ಯಾಕರಣ ಪಾಠದ ತತ್ಸಮ-ತದ್ಭವ ಪಟ್ಟಿಯಲ್ಲಿ ಪಕ್ಷಿ ‘ಹಕ್ಕಿ’ಯಾಗಿ, ಪಕ್ಷ ‘ಪಕ್ಕ’ವಾಗಿ ಕನ್ನಡಕ್ಕೆ ಇಳಿದಿರುವುದನ್ನು ಮಕ್ಕಳು ಓದಿಯೇ ಇರುತ್ತಾರೆ. ತಿಂಗಳ ಎರಡು ಬದಿಗಳು ಶುಕ್ಲಪಕ್ಷ, ಕೃಷ್ಣಪಕ್ಷ. ವಿಧಾನಸಭೆಯ ಎರಡು ಬದಿಗಳು ಆಡಳಿತ ಪಕ್ಷ, ವಿರೋಧ ಪಕ್ಷ.

ಹಾಗಾದರೆ ಪಕ್ಷಪಾತವೆಂದರೆ ಒಂದು ಪಕ್ಕಕ್ಕೆ ಬೀಳುವುದು. ರಾಮನಗರದ ರಾಮದೇವರ ಬೆಟ್ಟದ ಮೇಲೆ ತೇಲುವ ರಣಹದ್ದುಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. 2012ರಲ್ಲಿ ಈ ಬೆಟ್ಟವನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ರೆಕ್ಕೆ ಬಡಿಯದೆ ಬಹುಹೊತ್ತು ತೇಲಬಲ್ಲ ಈ ಹಕ್ಕಿ ಒಂದು ರೆಕ್ಕೆಯನ್ನು ಸ್ವಲ್ಪ ಮಡಿಸಿದರೆ ಸಾಕು, ಆ ಬದಿಯಲ್ಲಿ ಮೇಲೆತ್ತುವ ಬಲ ಕಡಿಮೆಯಾಗಿ ದೇಹ ಅತ್ತ ವಾಲುತ್ತದೆ. ಎರಡು ರೆಕ್ಕೆಗೂ ಸಮನಾಗಿ ಗಾಳಿ ಕೊಟ್ಟರೆ ಹಾರಾಟ ನೇರ.

ಇಂಗ್ಲಿಷಿನ ‘ಬಯಾಸ್’ ಪದವೂ ಇಂಥ ವಾಲುವಿಕೆಯಿಂದಲೇ ಬಂದದ್ದು. ಓರೆ ಎಂಬ ಅರ್ಥದ ಫ್ರೆಂಚ್ ಪದ ಇಂಗ್ಲೆಂಡಿನ ಚೆಂಡು ಉರುಳಿಸುವ ಆಟಕ್ಕೆ ಸೇರಿತು. ಆ ಚೆಂಡು ಪೂರ್ತಿ ಗುಂಡಗಿರುವುದಿಲ್ಲ. ನೇರ ಉರುಳಿಸಿದರೂ ಒಂದು ಬದಿಗೆ ಬಾಗಿಯೇ ಹೋಗುತ್ತದೆ. ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಲೇತಿಗೆ ಸಿಕ್ಕಿಸಿದ ಆಲೆ ಮರದ ತುಂಡು ನಡುವಿಗೆ ಸರಿಯಾಗಿ ಕೂರದಿದ್ದರೆ ಬುಗುರಿಯ ಮೊಳೆ ನಡುಬಿಂದುವಿಗೆ ಬೀಳುವುದಿಲ್ಲ. ಬಣ್ಣ ಎಷ್ಟೇ ಚೆನ್ನಾಗಿರಲಿ, ನೆಲಕ್ಕೆ ಬಿಟ್ಟಾಗ ಅದು ಒದ್ದಾಡಿ ಬೀಳುತ್ತದೆ. ಪಕ್ಷಪಾತವೂ ಹೀಗೆಯೇ. ಮಾತಿನಲ್ಲಿ ಕಾಣದಿದ್ದರೂ ನಡೆಯಲ್ಲಿ ಕಾಣುತ್ತದೆ.

ದಡದಲ್ಲಿ ನಿಂತವರು, ನಡುವೆ ನಿಂತವರು

ಈ ಪದಕ್ಕೆ ನೆರೆಹೊರೆಯ ಪದಗಳು ಹಲವು: ತಟಸ್ಥ, ಉದಾಸೀನ, ಮಧ್ಯಸ್ಥ. ಒಂದರ ಬದಲು ಇನ್ನೊಂದನ್ನು ಬಳಸುವುದು ರೂಢಿ. ಆದರೆ ಇವು ಒಂದೇ ಅಲ್ಲ.

‘ತಟ’ ಎಂದರೆ ದಡ. ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿ ಬಂದು ಕಾವೇರಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಅಲ್ಲಿ ಇಬ್ಬರು ನೀರಿನಲ್ಲಿ ಸಿಕ್ಕಿಕೊಂಡಿದ್ದಾರೆ ಎಂದುಕೊಳ್ಳೋಣ. ದಡದಲ್ಲಿ ಸುಮ್ಮನೆ ನಿಂತು ನೋಡುವವನು ತಟಸ್ಥ. ಅವನು ಯಾರ ಪಕ್ಷವನ್ನೂ ವಹಿಸಿಲ್ಲ ಎಂಬುದು ನಿಜ. ಆದರೆ ಅವನಿಂದ ಯಾರಿಗೂ ಉಪಯೋಗವಿಲ್ಲ ಎಂಬುದೂ ಅಷ್ಟೇ ನಿಜ. ‘ಉದಾಸೀನ’ ಎಂಬುದರ ಮೂಲ ಅರ್ಥ ಬೇರೆಯಾಗಿ, ದೂರ ಕುಳಿತವನು ಎಂದು. ಇಂದಿನ ಕನ್ನಡದಲ್ಲಿ ಅದು ಅಸಡ್ಡೆಗೆ ಇನ್ನೊಂದು ಹೆಸರು.

ಭಗವದ್ಗೀತೆಯ ಆರನೆಯ ಅಧ್ಯಾಯದ ಒಂಬತ್ತನೆಯ ಶ್ಲೋಕದಲ್ಲಿ ಉದಾಸೀನ, ಮಧ್ಯಸ್ಥ ಎಂಬ ಎರಡೂ ಪದಗಳು ಅಕ್ಕಪಕ್ಕದಲ್ಲೇ ಬರುತ್ತವೆ. ಎರಡಕ್ಕೂ ಒಂದೇ ಅರ್ಥವಾಗಿದ್ದರೆ ಎರಡು ಪದ ಏಕೆ ಬೇಕಿತ್ತು? ಶಂಕರಾಚಾರ್ಯರ ಭಾಷ್ಯ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತದೆ. ಯಾರ ಪಕ್ಷವನ್ನೂ ಹಿಡಿಯದವನು ಉದಾಸೀನ. ಪರಸ್ಪರ ವಿರೋಧಿಗಳಾದ ಇಬ್ಬರಿಗೂ ಹಿತವನ್ನು ಬಯಸುವವನು ಮಧ್ಯಸ್ಥ. ನಿಷ್ಪಕ್ಷಪಾತದ ಜೀವಾಳ ಈ ಎರಡನೆಯದರಲ್ಲಿದೆ. ಇಬ್ಬರ ಬಗ್ಗೆಯೂ ಕಾಳಜಿ ಇಲ್ಲದಿರುವುದು ಸುಲಭ. ಇಬ್ಬರ ಬಗ್ಗೆಯೂ ಸಮನಾದ ಕಾಳಜಿ ಇಟ್ಟುಕೊಂಡು, ಕೊನೆಗೆ ‘ಇದು ಸರಿ, ಇದು ತಪ್ಪು’ ಎಂದು ಹೇಳುವುದು ಕಷ್ಟ. ತೀರ್ಪು ಎಂಬ ಮಾತೇ ‘ತೀರು’ ಎಂಬುದರಿಂದ ಬಂದದ್ದು. ಜಗಳ ತೀರಬೇಕು. ತೀರಿಸದೆ ಕೈತೊಳೆದುಕೊಳ್ಳುವವನು ನಿಷ್ಪಕ್ಷಪಾತಿ ಅಲ್ಲ.

ಬೆಣ್ಣೆ ತಿಂದ ಕೋತಿ

ಎರಡು ಬೆಕ್ಕುಗಳ ಬೆಣ್ಣೆ ಜಗಳವನ್ನು ಕೋತಿ ಬಗೆಹರಿಸಿದ ಕಥೆ ಮಕ್ಕಳಿಗೆ ಗೊತ್ತು. ಕೋತಿ ತಕ್ಕಡಿಯನ್ನೇ ಹಿಡಿದಿತ್ತು, ತಟ್ಟೆಗಳನ್ನು ಸಮ ಮಾಡುತ್ತಲೇ ಇತ್ತು. ತಪ್ಪು ಎಲ್ಲಿ? ಭಾರವಾದ ಕಡೆಯಿಂದ ತೆಗೆದ ಪ್ರತಿ ತುಣುಕೂ ಅದರ ಬಾಯಿಗೇ ಹೋಗುತ್ತಿತ್ತು. ಅಂದರೆ ಜಗಳ ಮುಂದುವರಿದಷ್ಟೂ ಅದಕ್ಕೆ ಲಾಭ.

ಕನ್ನಡದಲ್ಲಿ ಇದಕ್ಕೆ ಬಹಳ ಅಚ್ಚುಕಟ್ಟಾದ ಎರಡು ಪದಗಳಿವೆ: ಆಸಕ್ತಿ ಮತ್ತು ಹಿತಾಸಕ್ತಿ. ತೀರ್ಪು ಕೊಡುವವನಿಗೆ ವಿಷಯದಲ್ಲಿ ಆಸಕ್ತಿ ಇರಲೇಬೇಕು. ಇಲ್ಲದಿದ್ದರೆ ಅವನು ಸಾಕ್ಷಿ ಕೇಳುವಾಗ ತೂಕಡಿಸುತ್ತಾನೆ. ಆದರೆ ಫಲಿತಾಂಶದಲ್ಲಿ ಹಿತಾಸಕ್ತಿ ಇರಕೂಡದು.

ನ್ಯಾಯಾಲಯಗಳು ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ 1969ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಕ್ರೈಪಕ್ ಪ್ರಕರಣ ಒಳ್ಳೆಯ ಉದಾಹರಣೆ. ಜಮ್ಮು ಮತ್ತು ಕಾಶ್ಮೀರದಿಂದ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಬೇಕಿತ್ತು. ಆಯ್ಕೆ ಮಂಡಳಿಯ ಸದಸ್ಯರಲ್ಲಿ ಒಬ್ಬರು ತಾವೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಎದ್ದು ಹೊರಹೋದದ್ದು ನಿಜ. ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತೇ ಇದ್ದರು. ನ್ಯಾಯಾಲಯ ಆ ಆಯ್ಕೆಯನ್ನು ರದ್ದುಪಡಿಸಿತು. ಅವರು ಮೋಸ ಮಾಡಿದರೆಂದು ಸಾಬೀತಾಗಬೇಕಾಗಿರಲಿಲ್ಲ. ವಾಲುವ ಸಂಭವವಿದ್ದ ಜಾಗದಲ್ಲಿ ಅವರು ಕುಳಿತಿದ್ದುದೇ ಸಾಕಾಯಿತು.

ಕ್ರಿಕೆಟ್ ನೋಡುವ ಮಕ್ಕಳಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ಒಂದು ಕಾಲದಲ್ಲಿ ಟೆಸ್ಟ್ ಪಂದ್ಯಕ್ಕೆ ಆತಿಥೇಯ ದೇಶದ ಅಂಪೈರ್‌ಗಳೇ ಇರುತ್ತಿದ್ದರು. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಸೋತ ತಂಡದ ಮನಸ್ಸಿನಲ್ಲಿ ಅನುಮಾನ ಉಳಿಯುತ್ತಿತ್ತು. 1994ರಿಂದ ಇಬ್ಬರಲ್ಲಿ ಒಬ್ಬರು, 2002ರಿಂದ ಇಬ್ಬರೂ ಬೇರೆ ದೇಶದವರಾಗಿರಬೇಕೆಂಬ ನಿಯಮ ಬಂತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಪ್ರಯಾಣದ ತೊಂದರೆಯಿಂದ ಸ್ಥಳೀಯ ಅಂಪೈರ್‌ಗಳಿಗೆ ಮತ್ತೆ ಅವಕಾಶ ಕೊಟ್ಟಾಗ, ತಂಡಗಳು ಕೇಳಬಹುದಾದ ಮರುಪರಿಶೀಲನೆಗಳ ಸಂಖ್ಯೆಯನ್ನೂ ಹೆಚ್ಚಿಸಲಾಯಿತು. ಮನುಷ್ಯನ ಒಳ್ಳೆಯತನದ ಮೇಲಷ್ಟೇ ಭಾರ ಹಾಕದೆ, ಪದ್ಧತಿಯನ್ನೇ ಗಟ್ಟಿ ಮಾಡುವ ಯೋಚನೆ ಇದು.

ತಕ್ಕಡಿ ಕಲಿಸುವ ಪಾಠ

ಪದ್ಧತಿ ಗಟ್ಟಿಯಾಗುವುದು ಹೇಗೆ? ಪ್ರಯೋಗಶಾಲೆಯ ತಕ್ಕಡಿ ಇದಕ್ಕೆ ಅತ್ಯಂತ ಸರಳವಾದ ಉತ್ತರ ಕೊಡುತ್ತದೆ.

ಒಂದು ತಕ್ಕಡಿಯ ಎರಡು ತೋಳುಗಳು ಸಮನಾಗಿಲ್ಲ. ಎಡಗಡೆಯದು 50 ಸೆಂಟಿಮೀಟರ್, ಬಲಗಡೆಯದು 40 ಸೆಂಟಿಮೀಟರ್ ಎನ್ನೋಣ. ಖಾಲಿ ಇದ್ದಾಗ ದಂಡ ಮಟ್ಟವಾಗಿ ನಿಲ್ಲುವಂತೆ ತಟ್ಟೆಗಳನ್ನು ಹೊಂದಿಸಲಾಗಿದೆ. ನೋಡಿದವರಿಗೆ ಸಂಶಯವೇ ಬರುವುದಿಲ್ಲ. ಈಗ 10 ಕಿಲೋ ಗೂಡನ್ನು ಎಡತಟ್ಟೆಯಲ್ಲಿಟ್ಟರೆ ಬಲಗಡೆ 12.5 ಕಿಲೋ ಕಲ್ಲು ಬೇಕಾಗುತ್ತದೆ. ಅದೇ ಗೂಡನ್ನು ಬಲತಟ್ಟೆಗೆ ಬದಲಿಸಿದರೆ ಎಡಗಡೆ 8 ಕಿಲೋ ಸಾಕು. ಒಂದೇ ಮಾಲು, ಒಂದೇ ತಕ್ಕಡಿ, ಎರಡು ತೂಕ. ತಕ್ಕಡಿಯ ವಂಚನೆ ಬಯಲಾದದ್ದು ತಟ್ಟೆಗಳನ್ನು ಅದಲುಬದಲು ಮಾಡಿದಾಗ ಮಾತ್ರ.

ಇಲ್ಲಿ ಇನ್ನೊಂದು ಪಾಠವೂ ಇದೆ. ‘ಎರಡನ್ನೂ ಕೂಡಿಸಿ ಅರ್ಧ ಮಾಡೋಣ’ ಎಂದರೆ ಉತ್ತರ 10.25 ಕಿಲೋ, ಅದು ತಪ್ಪು. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ, ಅಂದರೆ 12.5 × 8 = 100, ಅದರ ವರ್ಗಮೂಲ 10 ಕಿಲೋ; ಇದು ಸರಿ. ಸನ್ನೆಯ ನಿಯಮ ಓದಿದ ಹೈಸ್ಕೂಲು ವಿದ್ಯಾರ್ಥಿಗಳು ಇದು ಏಕೆಂದು ತಾವೇ ಲೆಕ್ಕ ಹಾಕಬಹುದು. ಊರಿನ ಪಂಚಾಯಿತಿಗಳಲ್ಲಿ ‘ಇಬ್ಬರೂ ಅರ್ಧರ್ಧ ಸೋಲಿ’ ಎನ್ನುವ ತೀರ್ಮಾನ ನಿಷ್ಪಕ್ಷಪಾತದಂತೆ ಕಂಡರೂ ಎಷ್ಟೋ ಸಲ ಅಲ್ಲ. ಒಬ್ಬ ಸತ್ಯ ಹೇಳಿ ಇನ್ನೊಬ್ಬ ಸುಳ್ಳು ಹೇಳಿದ್ದರೆ, ಎರಡರ ನಡುವಿನ ಮಾತು ಅರ್ಧ ಸುಳ್ಳು.

ಗೂಡಿನ ಮಾರುಕಟ್ಟೆಯಲ್ಲಿ ಈಗ ಬಳಕೆಯಲ್ಲಿರುವುದು ವಿದ್ಯುನ್ಮಾನ ತಕ್ಕಡಿ. ಅದಕ್ಕೂ ಕಾನೂನು ಮಾಪನಶಾಸ್ತ್ರ ಇಲಾಖೆಯವರ ಪರಿಶೀಲನೆ, ಮುದ್ರೆ ಇರಬೇಕು. ಗೂಡಿನ ವ್ಯಾಪಾರವನ್ನು ಬಹಿರಂಗ ಮಾರುಕಟ್ಟೆಯ ನಿಯಮಕ್ಕೆ ಒಳಪಡಿಸಲು ಕರ್ನಾಟಕದಲ್ಲಿ 1959ರಷ್ಟು ಹಿಂದೆಯೇ ಕಾಯ್ದೆ ಬಂದಿದೆ. ಕೂಗಿ ನಡೆಸುತ್ತಿದ್ದ ಹರಾಜಿನ ಜಾಗಕ್ಕೆ ಇ-ಹರಾಜು ಬಂದಿದೆ. ಎಲ್ಲದರ ಗುರಿ ಒಂದೇ: ರಾಶಿಯ ಮೇಲಿನ ಸಂಖ್ಯೆಗೆ ಬೆಲೆ ಬೀಳಬೇಕು, ರಾಶಿಯ ಪಕ್ಕ ನಿಂತವನ ಜಾತಿಗೋ ಊರಿಗೋ ಪರಿಚಯಕ್ಕೋ ಅಲ್ಲ. ಕಿಲೋಗ್ರಾಂ ಎಂಬ ಅಳತೆಯೇ 1889ರಿಂದ ಪ್ಯಾರಿಸ್ ಬಳಿ ಇಟ್ಟಿದ್ದ ಒಂದು ಲೋಹದ ತುಂಡನ್ನು ಅವಲಂಬಿಸಿತ್ತು. 2019ರ ಮೇ 20ರಿಂದ ಅದನ್ನು ಪ್ಲಾಂಕ್ ಸ್ಥಿರಾಂಕದ ಮೂಲಕ, ಅಂದರೆ ಯಾವ ದೇಶದ ಸ್ವತ್ತೂ ಅಲ್ಲದ ಪ್ರಕೃತಿ ನಿಯಮದ ಮೂಲಕ ನಿರ್ಧರಿಸಲಾಗುತ್ತಿದೆ.

‘ಶೋಲೆ’ಯ ನಾಣ್ಯ

‘ಇಷ್ಟೆಲ್ಲ ಏಕೆ, ನಾಣ್ಯ ಚಿಮ್ಮಿದರಾಯಿತು’ ಎನ್ನುವವರಿದ್ದಾರೆ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ ಇದಕ್ಕೆ ಉತ್ತರ ಕೊಟ್ಟಿದೆ. ಗೆಳೆಯರಿಬ್ಬರ ನಡುವೆ ಏನೇ ತೀರ್ಮಾನವಾಗಬೇಕಿದ್ದರೂ ಜೈ ನಾಣ್ಯ ಚಿಮ್ಮುತ್ತಾನೆ. ಆ ನಾಣ್ಯದ ಎರಡೂ ಮುಖ ಒಂದೇ ಎಂಬುದು ವೀರುವಿಗೆ ತಿಳಿಯುವುದು ಜೈ ಸತ್ತ ಮೇಲೆ. ಗೆಳೆಯನನ್ನು ಉಳಿಸಲು ಮಾಡಿದ ಮೋಸವಾದ್ದರಿಂದ ಪ್ರೇಕ್ಷಕರ ಕಣ್ಣು ಒದ್ದೆಯಾಗುತ್ತದೆ. ಆದರೆ ಮೋಸ ಮೋಸವೇ.

ವಾಲುವ ನಾಣ್ಯದಿಂದಲೂ ನ್ಯಾಯವಾದ ತೀರ್ಮಾನ ಪಡೆಯುವ ಉಪಾಯವೊಂದನ್ನು ಗಣಿತಜ್ಞ ಜಾನ್ ವಾನ್ ನಾಯ್ಮನ್ 1951ರಲ್ಲಿ ತಿಳಿಸಿದರು. ನಾಣ್ಯವನ್ನು ಎರಡೆರಡು ಬಾರಿ ಚಿಮ್ಮಬೇಕು. ಎರಡೂ ಸಲ ಒಂದೇ ಮುಖ ಬಂದರೆ ಅದನ್ನು ಬಿಟ್ಟು ಮತ್ತೆ ಚಿಮ್ಮಬೇಕು. ಮೊದಲು ರಾಜ ಆಮೇಲೆ ರಾಣಿ ಬಂದರೆ ಒಬ್ಬನಿಗೆ ಗೆಲುವು, ಮೊದಲು ರಾಣಿ ಆಮೇಲೆ ರಾಜ ಬಂದರೆ ಇನ್ನೊಬ್ಬನಿಗೆ. ನಾಣ್ಯಕ್ಕೆ ನೂರಕ್ಕೆ 60 ಸಲ ರಾಜ ಬೀಳುವ ಚಾಳಿ ಇದ್ದರೂ ಮೊದಲನೆಯದರ ಸಂಭಾವ್ಯತೆ 0.6 × 0.4 = 0.24, ಎರಡನೆಯದರದು 0.4 × 0.6 = 0.24. ಇಲ್ಲಿಯೂ ಗುಟ್ಟು ಅದಲುಬದಲಿನಲ್ಲೇ ಇದೆ. ಜೈ ನಾಣ್ಯವನ್ನು ಹೀಗೆ ಚಿಮ್ಮಿದ್ದರೆ ಪ್ರತಿಸಲವೂ ಒಂದೇ ಮುಖ ಬಂದು ಮೋಸ ಅಲ್ಲಿಯೇ ಹೊರಬೀಳುತ್ತಿತ್ತು.

ಆದರೂ ನಾಣ್ಯ ನ್ಯಾಯಾಧೀಶನಲ್ಲ. ಅದಕ್ಕೆ ಪಕ್ಷಪಾತವಿಲ್ಲದಂತೆ ವಿವೇಚನೆಯೂ ಇಲ್ಲ. ಯಾರು ಮೊದಲು ಬ್ಯಾಟು ಹಿಡಿಯಬೇಕೆಂದು ಅದು ಹೇಳಬಹುದು. ಯಾರ ಮಾತು ನಿಜವೆಂದು ಹೇಳಲಾರದು. ಸುಪ್ರೀಂ ಕೋರ್ಟಿನಲ್ಲಿ ಇರಿಸಿದ ಹೊಸ ನ್ಯಾಯದೇವತೆಯ ಮೂರ್ತಿಗೆ ಕಣ್ಣುಪಟ್ಟಿ ಇಲ್ಲ, ಕೈಯಲ್ಲಿ ಖಡ್ಗದ ಬದಲು ಸಂವಿಧಾನವಿದೆ. ತಕ್ಕಡಿ ಮಾತ್ರ ಹಾಗೆಯೇ ಉಳಿದಿದೆ.

ಎದುರು ಮಾತಿಗೆ ಮೊದಲ ಸ್ಥಾನ

ನಮ್ಮ ಶಾಸ್ತ್ರಗ್ರಂಥಗಳಲ್ಲಿ ‘ಪೂರ್ವಪಕ್ಷ’ ಎಂಬ ಕ್ರಮವಿದೆ. ತನ್ನ ಸಿದ್ಧಾಂತ ಹೇಳುವ ಮೊದಲು ಎದುರಾಳಿಯ ವಾದವನ್ನು ಅವನೇ ಮಂಡಿಸುವಷ್ಟು ಚೆನ್ನಾಗಿ ಮಂಡಿಸಬೇಕು. ಆಮೇಲೆ ಅದಕ್ಕೆ ಉತ್ತರ. ಅಂದರೆ ತಟ್ಟೆ ಬದಲಿಸುವ ಕೆಲಸವನ್ನು ಪಂಡಿತರು ಮಾತಿನಲ್ಲಿ ಮಾಡುತ್ತಿದ್ದರು.

ಇದು ಅತ್ಯಂತ ಕಷ್ಟವಾಗುವುದು ನಮ್ಮದೇ ಊರಿನ ವಿಷಯ ಬಂದಾಗ. ಸಂಗಮ, ಮೇಕೆದಾಟುಗಳ ಮೂಲಕ ಹರಿದು ಹೋಗುವ ಕಾವೇರಿಯ ನೀರಿನ ವಿವಾದಕ್ಕೆ 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. 2007ರ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ 270 ಟಿಎಂಸಿ ಅಡಿ ನೀರು ಹಂಚಿಕೆಯಾಯಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ 14.75 ಟಿಎಂಸಿ ಸೇರಿಸಿತು. ಅದರಲ್ಲಿ 10 ಟಿಎಂಸಿಗೆ ತಮಿಳುನಾಡಿನಲ್ಲಿ ಲಭ್ಯವಿರುವ ಅಂತರ್ಜಲ ಕಾರಣ, 4.75 ಟಿಎಂಸಿಗೆ ಬೆಂಗಳೂರಿನ ಕುಡಿಯುವ ನೀರಿನ ಅಗತ್ಯ ಕಾರಣ. ತೀರ್ಪು ತಮಗೆ ಅನುಕೂಲವಾದರೆ ನ್ಯಾಯ, ಪ್ರತಿಕೂಲವಾದರೆ ಪಕ್ಷಪಾತ ಎನ್ನುವುದು ನದಿಯ ಎರಡೂ ದಡದ ಚಾಳಿ. ಆದರೆ ತೀರ್ಪಿನ ಗುಣ ಅಳೆಯಬೇಕಾದ್ದು ನಮಗೆ ಸಿಕ್ಕ ಟಿಎಂಸಿಯಿಂದಲ್ಲ, ಅದು ಕೊಟ್ಟ ಕಾರಣಗಳಿಂದ. ನಾವು ಕೆಳದಡದಲ್ಲಿದ್ದಿದ್ದರೆ ಈ ಕಾರಣವನ್ನು ಒಪ್ಪುತ್ತಿದ್ದೆವೇ ಎಂದು ಕೇಳಿಕೊಳ್ಳುವುದು ನಾಡದ್ರೋಹವಲ್ಲ. ನಮ್ಮ ವಾದದಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ತಿಳಿಯುವುದೂ ಆ ಪ್ರಶ್ನೆಯಿಂದಲೇ.

ಮನೆಯೆಂಬ ಮೊದಲ ನ್ಯಾಯಾಲಯ

ಮಕ್ಕಳು ಈ ಪದವನ್ನು ನಿಘಂಟಿನಲ್ಲಿ ಕಲಿಯುವುದಕ್ಕೆ ಬಹಳ ಮೊದಲೇ ಮನೆಯಲ್ಲಿ ಕಲಿತಿರುತ್ತಾರೆ. ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’, ‘ಮುಖ ನೋಡಿ ಮಣೆ ಹಾಕುವುದು’ ಎಂಬ ಮಾತುಗಳು ಕೋರ್ಟಿನಲ್ಲಿ ಹುಟ್ಟಿದವಲ್ಲ, ಅಡುಗೆಮನೆ ಜಗಲಿಗಳಲ್ಲಿ ಹುಟ್ಟಿದವು. ‘ದೊಡ್ಡವನಲ್ಲವಾ ನೀನು, ನೀನೇ ಬಿಟ್ಟುಕೊಡು’ ಎಂಬ ತೀರ್ಪು ಪ್ರತಿಸಲ ಒಂದೇ ಮಗುವಿನ ಮೇಲೆ ಬೀಳುತ್ತಿದ್ದರೆ, ತಕ್ಕಡಿಯ ತೋಳನ್ನು ಒಮ್ಮೆ ಅಳೆಯುವುದು ಒಳ್ಳೆಯದು. ಮಗಳು ಕತ್ತಲಾದ ಮೇಲೆ ಬಂದರೆ ನೂರು ಪ್ರಶ್ನೆ. ಮಗ ಬಂದರೆ ‘ಊಟ ಮಾಡಪ್ಪ’. ಇಲ್ಲಿ ಹೆಸರುಗಳನ್ನು ಅದಲುಬದಲು ಮಾಡಿ ನೋಡಿದರೆ ತಂದೆತಾಯಿಗೆ ತಮ್ಮ ವಾಲು ತಾವೇ ಕಾಣುತ್ತದೆ.

ಹಾಗೆಂದು ಎಲ್ಲರಿಗೂ ಒಂದೇ ಅಳತೆ ಎಂದು ಅರ್ಥವಲ್ಲ. ಸಾಲಾಗಿ ಊಟಕ್ಕೆ ಕುಳಿತಾಗ ಪಂಕ್ತಿಭೇದ ಮಾಡಬಾರದು ಎನ್ನುತ್ತಾರೆ ಹಿರಿಯರು. ಹಸಿದವನು ಇನ್ನೊಂದು ಮುದ್ದೆ ಕೇಳಬಹುದು; ಮಗು ಅರ್ಧ ಮುದ್ದೆಗೇ ಸಾಕು ಎನ್ನಬಹುದು. ಎಲೆಯ ಮೇಲೆ ಬಿದ್ದದ್ದು ಬೇರೆ ಬೇರೆ, ಬಡಿಸಿದ ಕೈಯ ನಿಯಮ ಮಾತ್ರ ಒಂದೇ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಡಾ. ಶಿವಕುಮಾರ ಸ್ವಾಮೀಜಿ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟದ್ದು ಇಂಥ ನಿಯಮದಿಂದಲೇ.

ಶಾಲೆಯಲ್ಲಿಯೂ ಅಷ್ಟೆ. ಪರೀಕ್ಷಾ ಮಂಡಲಿಯವರು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸರಿ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸುತ್ತಾರೆ. ಉತ್ತರ ಪತ್ರಿಕೆಯ ಪ್ರತಿ ಪಡೆಯಲು, ಮರುಮೌಲ್ಯಮಾಪನ ಕೇಳಲು ಅವಕಾಶವಿದೆ. ಇದು ಉಪಾಧ್ಯಾಯರ ಮೇಲಿನ ಅಪನಂಬಿಕೆಯಲ್ಲ. ದಣಿದ ಕಣ್ಣು, ದುಂಡಗಿನ ಅಕ್ಷರದ ಮೋಹ, ಹಿಂದಿನ ಪತ್ರಿಕೆ ಮೂಡಿಸಿದ ಭಾವನೆ, ಇವೆಲ್ಲ ಒಳ್ಳೆಯವರನ್ನೂ ವಾಲಿಸಬಲ್ಲವು ಎಂಬ ತಿಳಿವಳಿಕೆ. ಕಡಿಮೆ ಅಂಕ ಬಂದ ವಿದ್ಯಾರ್ಥಿ ‘ಮೇಷ್ಟ್ರು ಪಕ್ಷಪಾತ ಮಾಡಿದರು’ ಎನ್ನುವ ಮೊದಲು ತನ್ನ ಉತ್ತರದ ಮೇಲೆ ಗೆಳೆಯನ ಹೆಸರು ಬರೆದುಕೊಂಡು ಓದಲಿ. ಗೆಳೆಯನಿಗೆ ತಾನು ಎಷ್ಟು ಅಂಕ ಕೊಡುತ್ತಿದ್ದ ಎಂಬುದು ಹೊಳೆದೀತು.

ನ್ಯಾಯಾಧೀಶರೂ ಮಂತ್ರಿಗಳೂ ಅಧಿಕಾರ ವಹಿಸಿಕೊಳ್ಳುವಾಗ ಭಯ, ಪಕ್ಷಪಾತ, ಮಮತೆ, ದ್ವೇಷ ಈ ನಾಲ್ಕನ್ನೂ ಬಿಟ್ಟು ನಡೆಯುವುದಾಗಿ ಪ್ರಮಾಣ ಮಾಡುತ್ತಾರೆ. ದ್ವೇಷದ ಜೊತೆಗೆ ಮಮತೆಯನ್ನೂ ಸೇರಿಸಿರುವುದು ಗಮನಾರ್ಹ. ದ್ವೇಷ ಬೇಗ ಕಣ್ಣಿಗೆ ಬೀಳುತ್ತದೆ. ಮಮತೆ ಒಳ್ಳೆಯತನದ ವೇಷದಲ್ಲೇ ತಕ್ಕಡಿಯ ಒಂದು ತೋಳನ್ನು ಉದ್ದ ಮಾಡಿಬಿಡುತ್ತದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಒಂದುಗೂಡಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಸೀಮೆಯ ಮಕ್ಕಳು ಮುಂದೆ ರೀಲರ್‌ಗಳೋ ಅಧಿಕಾರಿಗಳೋ ಉಪಾಧ್ಯಾಯರೋ ಅಂಪೈರ್‌ಗಳೋ ಆಗುವವರು. ಯಾವುದೇ ಜಾಗದಲ್ಲಿ ಕುಳಿತರೂ ತೀರ್ಪು ಹೇಳುವ ಮುನ್ನ ಎದುರಿಗಿರುವ ಇಬ್ಬರನ್ನೂ ಮನಸ್ಸಿನಲ್ಲಿ ಒಮ್ಮೆ ಸ್ಥಳ ಬದಲಿಸಿ ಕೂರಿಸಲಿ. ಆಗಲೂ ಅದೇ ಮಾತು ಬಾಯಿಗೆ ಬಂದರೆ ಧೈರ್ಯವಾಗಿ ಹೇಳಲಿ. ಬಾರದಿದ್ದರೆ ಇನ್ನೊಮ್ಮೆ ತೂಗಲಿ.